ಪದರ ಪದರವಾಗಿ ಕಾಣುವ ಜೇಡ

ರಾಯಚೂರು ಜಿಲ್ಲೆಯ ದೇವಸುಗೂರಿನ ಮನೆಯ ಕಿಟಕಿ ಸರಳಿಗೆ ಜಿಗಿಯುವ ಜೇಡವೊಂದು ಪೊರೆ ಬಿಟ್ಟು ಹೋಗಿತ್ತು. ಗಾತ್ರದಲ್ಲಿ ಜೋಳದ ಕಾಳಿನಷ್ಟು, ಉಸಿರು ತಾಕಿದರೆ ಹಾರಿಹೋಗುವಷ್ಟು ಹಗುರ. ಒದ್ದೆ ಕುಂಚದ ತುದಿಯಿಂದ ಅದನ್ನು ಎತ್ತಿ, ಕಾಲೇಜಿನ ಪ್ರಯೋಗಾಲಯಗಳಲ್ಲಿ ಇರುವಂಥ ಸಾಧಾರಣ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಹತ್ತುಪಟ್ಟಿನ ಮಸೂರದಲ್ಲಿ ಮೊದಲು ಚೂಪಾಗಿ ಕಂಡದ್ದು ದೊಡ್ಡ ಕಣ್ಣಿನ ನೆತ್ತಿಯ ಒಂದು ಚುಕ್ಕೆ ಮಾತ್ರ. ತಿರುಪನ್ನು ತುಸು ಆಡಿಸಿದೆ. ಚುಕ್ಕೆ ಮಂಜಾಯಿತು, ಅದರ ಸುತ್ತ ಒಂದು ಉಂಗುರ ತಿಳಿಯಾಯಿತು. ಇನ್ನೂ ಆಡಿಸಿದರೆ ಉಂಗುರ ಹೋಗಿ ಕಣ್ಣಂಚಿನ ರೋಮಗಳು ಬಂದವು. ಕಣ್ಣು ಕಂಡಾಗ ದವಡೆ ಇಲ್ಲ, ದವಡೆ ಕಂಡಾಗ ಕಣ್ಣಿಲ್ಲ. ಇಡೀ ಮುಖ ಒಮ್ಮೆಯೂ ಒಟ್ಟಿಗೆ ಕಾಣಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ಜೇಡದ ಚಿತ್ರ ತೆಗೆಯಲು ಹೊರಟವರೆಲ್ಲ ಎದುರಿಸುವ ಮೊದಲ ತೊಡಕು ಇದು. ಬೇರೆ ಬೇರೆ ಆಳದಲ್ಲಿ ಫೋಕಸ್ ಮಾಡಿ ಹತ್ತಾರು, ಕೆಲವೊಮ್ಮೆ ನೂರಾರು ಫೋಟೊ ತೆಗೆದು, ಪ್ರತಿಯೊಂದರಲ್ಲಿ ತಿಳಿಯಾಗಿರುವ ಭಾಗವನ್ನಷ್ಟೇ ಆರಿಸಿ ಒಂದೇ ಚಿತ್ರವಾಗಿ ಕೂಡಿಸುವ ವಿಧಾನಕ್ಕೆ ಫೋಕಸ್ ಸ್ಟ್ಯಾಕಿಂಗ್ ಎನ್ನುತ್ತಾರೆ. ಅದು ಹೇಗೆ ಬಂತು, ಏನು ಕೊಡುತ್ತದೆ, ಎಲ್ಲಿ ಸೋಲುತ್ತದೆ, ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ಎರೆಭೂಮಿಗೆ ಅದರಿಂದ ಏನು ಪ್ರಯೋಜನ ಎಂಬುದನ್ನು ನೋಡೋಣ.

ತೆಳುವಾದ ಫೋಕಸ್

ಮಸೂರ ಎಷ್ಟು ಸೂಕ್ಷ್ಮವಾಗಿ ಬಿಡಿಸಿ ತೋರಿಸುತ್ತದೆ ಎಂಬುದು ಅದರ ನ್ಯೂಮರಿಕಲ್ ಅಪರ್ಚರ್ ಎಂಬ ಅಳತೆಯನ್ನು ಅವಲಂಬಿಸಿದೆ. ವಸ್ತುವಿನಿಂದ ಹೊರಟ ಬೆಳಕನ್ನು ಎಷ್ಟು ಅಗಲದ ಕೋನದಲ್ಲಿ ಮಸೂರ ಬಾಚಿಕೊಳ್ಳುತ್ತದೆ ಎಂಬುದರ ಲೆಕ್ಕ ಅದು. ಕೋನ ಅಗಲವಾದಷ್ಟೂ ವಿವರ ಹೆಚ್ಚು, ಆದರೆ ಫೋಕಸ್ಸಿನ ಆಳ ಬೇಗ ಬೇಗ ಕುಗ್ಗುತ್ತದೆ. ಬೆಳಕಿನ ತರಂಗಾಂತರವನ್ನು ಈ ಅಳತೆಯ ವರ್ಗದಿಂದ ಭಾಗಿಸಿದರೆ ಆಳದ ಅಂದಾಜು ಸಿಗುತ್ತದೆ. ಹಸಿರು ಬೆಳಕಿಗೆ ಲೆಕ್ಕ ಹಾಕಿದರೆ, ನಾಲ್ಕುಪಟ್ಟಿನ 0.10 ಮಸೂರಕ್ಕೆ ಸುಮಾರು 55 ಮೈಕ್ರೊಮೀಟರ್, ಹತ್ತುಪಟ್ಟಿನ 0.25 ಮಸೂರಕ್ಕೆ ಸುಮಾರು 9, ನಲವತ್ತುಪಟ್ಟಿನ 0.65 ಮಸೂರಕ್ಕೆ ಒಂದೂಕಾಲಿನ ಆಸುಪಾಸು. ನಮ್ಮ ತಲೆಗೂದಲು ಸುಮಾರು 70 ಮೈಕ್ರೊಮೀಟರ್ ದಪ್ಪ ಎಂದಿಟ್ಟುಕೊಂಡರೆ, ಹತ್ತುಪಟ್ಟಿನಲ್ಲಿ ಒಮ್ಮೆಗೆ ತಿಳಿಯಾಗಿ ಕಾಣುವುದು ಕೂದಲಿನ ಎಂಟನೆಯ ಒಂದು ಭಾಗದಷ್ಟು ತೆಳುವಾದ ಪದರ.

ಕ್ಯಾಮೆರಾದಲ್ಲಿ ಮಾಡುವಂತೆ ಕಿಂಡಿಯನ್ನು ಕಿರಿದು ಮಾಡಿದರೆ ಆಳ ಹೆಚ್ಚುವುದಿಲ್ಲವೇ? ಹೆಚ್ಚುತ್ತದೆ. ಆದರೆ ಕಿರಿದಾದ ಕಿಂಡಿಯಲ್ಲಿ ಹಾಯುವ ಬೆಳಕು ಬಾಗಿ ಹರಡಿ, ಹುಡುಕಿಕೊಂಡು ಬಂದ ವಿವರವನ್ನೇ ಅಳಿಸಿಹಾಕುತ್ತದೆ. ವಿವರಕ್ಕೂ ಆಳಕ್ಕೂ ಇರುವ ಈ ಕಟ್ಟನ್ನು ಜರ್ಮನಿಯ ಅರ್ನ್ಸ್ಟ್ ಅಬೆ 1873ರಲ್ಲಿ ಕಟ್ಟಿಕೊಟ್ಟ ಸಿದ್ಧಾಂತ ವಿವರಿಸುತ್ತದೆ. ಒಂದೇ ಫೋಕಸ್ಸಿನಲ್ಲಿ ಈ ನಿಯಮವನ್ನು ಮೀರುವಂತಿಲ್ಲ. ಪದರ ಪದರವಾಗಿ ಹಿಡಿದು ಕೂಡಿಸುವುದೇ ದಾರಿ.

ಕೈಯಿಂದ ಕಂಪ್ಯೂಟರಿಗೆ

ಈ ಕೆಲಸವನ್ನು ಮನುಷ್ಯರು ಕಂಪ್ಯೂಟರಿಗಿಂತ ಬಹಳ ಮೊದಲೇ ಮಾಡುತ್ತಿದ್ದರು. ರಾಬರ್ಟ್ ಹುಕ್ 1665ರ ತನ್ನ ‘ಮೈಕ್ರೊಗ್ರಾಫಿಯ’ದ ಚಿತ್ರಗಳನ್ನು ಬರೆಯುವ ಮೊದಲು ಒಂದೊಂದು ವಸ್ತುವನ್ನೂ ಬೇರೆ ಬೇರೆ ಬೆಳಕಿನಲ್ಲಿ, ಬೇರೆ ಬೇರೆ ಭಂಗಿಯಲ್ಲಿ ಇಟ್ಟು ನೋಡಿ, ನಿಜವಾದ ಆಕಾರ ಮನಸ್ಸಿಗೆ ಬಂದಮೇಲಷ್ಟೇ ಗೆರೆ ಎಳೆಯುತ್ತಿದ್ದೆ ಎಂದು ಹೇಳಿಕೊಂಡಿದ್ದಾನೆ. ಆಗ ಸ್ಟ್ಯಾಕಿಂಗ್ ನಡೆಯುತ್ತಿದ್ದದ್ದು ಅವನ ತಲೆಯೊಳಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯಾಮೆರಾ ಲೂಸಿಡಾ ಬಂತು. ಕಾಣುವ ವಸ್ತುವಿನ ಬಿಂಬ ಕಾಗದದ ಮೇಲೆ ಬಿದ್ದಂತೆ ತೋರಿ, ಪೆನ್ಸಿಲ್ ಅದನ್ನು ಅನುಸರಿಸಬಹುದಾಯಿತು. ಜೇಡಗಳ ಶಾಸ್ತ್ರ ಬೆಳೆದದ್ದು ಹೆಚ್ಚಾಗಿ ಇಂಥ ಗೆರೆಚಿತ್ರಗಳ ಮೇಲೆಯೇ. ಭಾರತದ ಜೇಡಗಳಿಗೆ ಪ್ರಾಣಿಶಾಸ್ತ್ರಜ್ಞ ಪೋಕಾಕ್ 1900ರಲ್ಲಿ ಹಾಕಿದ ಅಡಿಪಾಯದ ಮೇಲೆ, ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಬಿ.ಕೆ. ಟಿಕಾದರ್ 1980ರ ದಶಕದಲ್ಲಿ ಪ್ರಕಟಿಸಿದ ಸಂಪುಟಗಳಲ್ಲೂ 1987ರ ಕೈಪಿಡಿಯಲ್ಲೂ ಪ್ರಭೇದಗಳನ್ನು ಗುರುತಿಸಲು ಆಸರೆ ಕಪ್ಪು ಶಾಯಿಯ ಗೆರೆಗಳೇ.

ಫೋಟೊಗ್ರಫಿಯಲ್ಲಿ ಆಳವನ್ನು ಗೆಲ್ಲುವ ಪ್ರಯತ್ನವೂ ಹಳೆಯದು. 1960ರ ದಶಕದಲ್ಲಿ ಡ್ಯಾನ್ ಮೆಕ್‌ಲಾಕ್ಲನ್ ಒಂದು ಉಪಾಯ ತಂದರು. ತೆಳುವಾದ ಬೆಳಕಿನ ಹಾಳೆಯನ್ನು ಫೋಕಸ್ ಇರುವ ಸಮತಲದಲ್ಲೇ ನಿಲ್ಲಿಸಿ, ವಸ್ತುವನ್ನು ಮೆಲ್ಲಗೆ ಅದರೊಳಗೆ ಹಾಯಿಸುವುದು. ಫಿಲ್ಮಿನ ಮೇಲೆ ಬೀಳುವುದು ಚೂಪಾದ ಭಾಗದ ಬೆಳಕಷ್ಟೇ, ಮಸುಕಾದ ಭಾಗ ಕತ್ತಲಲ್ಲೇ ಉಳಿಯುತ್ತದೆ. ಡಿಜಿಟಲ್ ಕಾಲಕ್ಕೆ ಬೇಕಾದ ಗಣಿತವನ್ನು ಬರ್ಟ್ ಮತ್ತು ಏಡಲ್‌ಸನ್ 1983ರಲ್ಲಿ ಕೊಟ್ಟರು. ಚಿತ್ರವನ್ನು ಒರಟು ವಿವರದಿಂದ ನಯ ವಿವರದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುವ ಪಿರಮಿಡ್ ವಿಧಾನ ಅದು. ಇಂದು ಬಳಕೆಯಲ್ಲಿರುವ ಉಕ್ರೇನಿನ ಹೆಲಿಕಾನ್ ಫೋಕಸ್, ಅಮೆರಿಕದ ರಿಕ್ ಲಿಟಲ್‌ಫೀಲ್ಡ್ ಬರೆದ ಝೆರೀನ್ ಸ್ಟ್ಯಾಕರ್, ಉಚಿತವಾಗಿ ಸಿಗುವ ಕಂಬೈನ್‌ಝಡ್‌ಪಿ, ಇಮೇಜ್‌ಜೆ ಇವೆಲ್ಲ ಈ ಬಗೆಯ ಯೋಚನೆಗಳ ಕೂಸುಗಳು.

ಮೇಜಿನ ಮೇಲಿನ ಕೆಲಸ

ವಿಧಾನ ಕೇಳಲು ಸರಳ, ಮಾಡಲು ತಾಳ್ಮೆ ಬೇಕು. ನನ್ನ ಕಿಟಕಿಯ ಪೊರೆಯನ್ನೇ ತೆಗೆದುಕೊಳ್ಳಿ. ಮುಖದ ಮುಂಭಾಗದಿಂದ ಹಿಂದಿನ ಅಂಚಿನವರೆಗೆ ಒಂದೂವರೆ ಮಿಲಿಮೀಟರ್ ಆಳ. ಹತ್ತುಪಟ್ಟಿನ ಮಸೂರದ ಪದರ 9 ಮೈಕ್ರೊಮೀಟರ್. ಒಂದು ಪದರ ಇನ್ನೊಂದರ ಮೇಲೆ ತುಸು ಹೊದ್ದುಕೊಂಡಿರಬೇಕಾದ್ದರಿಂದ ಹೆಜ್ಜೆ 6 ಮೈಕ್ರೊಮೀಟರ್ ಇಟ್ಟುಕೊಂಡರೆ 250 ಫೋಟೊ. ನಾಲ್ಕುಪಟ್ಟಿನ ಮಸೂರವಾದರೆ ಇದೇ ಕೆಲಸ ನಲವತ್ತು ಫೋಟೊದೊಳಗೆ ಮುಗಿಯುತ್ತದೆ. ಶುರುಮಾಡುವವರು ನಾಲ್ಕುಪಟ್ಟಿನಿಂದಲೇ ಶುರುಮಾಡುವುದು ಮೇಲು. ಹಲವು ವಿದ್ಯಾರ್ಥಿ ಸೂಕ್ಷ್ಮದರ್ಶಕಗಳಲ್ಲಿ ಸೂಕ್ಷ್ಮ ತಿರುಪಿನ ಒಂದು ಗೆರೆ ಎಂದರೆ 2 ಮೈಕ್ರೊಮೀಟರ್. ಹಾಗಾಗಿ ಮೋಟಾರು ಕೂಡಿಸಿದ ದುಬಾರಿ ಹಳಿ ಇಲ್ಲದಿದ್ದರೂ, ಮೂರು ಗೆರೆಗೊಂದು ಫೋಟೊ ಎಂದು ಎಣಿಸುತ್ತ ಕೈಯಿಂದಲೇ ಮಾಡಬಹುದು. ತಿರುಪನ್ನು ಒಂದೇ ದಿಕ್ಕಿಗೆ ತಿರುಗಿಸುತ್ತ ಹೋಗಬೇಕು. ನಡುವೆ ಹಿಂದಕ್ಕೆ ತಿರುಗಿಸಿದರೆ ಹಲ್ಲುಗಳ ಸಡಿಲದಿಂದ ಲೆಕ್ಕ ತಪ್ಪುತ್ತದೆ.

ಬೆಳಕು ಇನ್ನೊಂದು ಕಥೆ. ಕಾಲೇಜಿನ ಸೂಕ್ಷ್ಮದರ್ಶಕಕ್ಕೆ ಬೆಳಕು ಕೆಳಗಿನಿಂದ ಬರುತ್ತದೆ. ಈರುಳ್ಳಿ ಸಿಪ್ಪೆಗೆ ಅದು ಸರಿ, ಜೇಡಕ್ಕಲ್ಲ, ಬರೀ ಕರಿನೆರಳು ಕಾಣುತ್ತದೆ. ಬೆಳಕು ಮೇಲಿನಿಂದ, ಪಕ್ಕದಿಂದ ಬೀಳಬೇಕು. ಹತ್ತುಪಟ್ಟಿನ ಮಸೂರಕ್ಕೂ ಮಾದರಿಗೂ ನಡುವೆ ಕೆಲವು ಮಿಲಿಮೀಟರ್ ಜಾಗ ಉಳಿಯುವುದರಿಂದ ಇದು ಸಾಧ್ಯ. ನಲವತ್ತುಪಟ್ಟಿನದು ಮಾದರಿಗೆ ಹೆಚ್ಚುಕಡಿಮೆ ತಾಗಿಕೊಂಡೇ ನಿಲ್ಲುತ್ತದೆ, ಅಲ್ಲಿ ಬೆಳಕು ನುಸುಳಲು ಎಡೆಯಿಲ್ಲ. ಜೇಡದ ಮೈ ಹೊಳಪಿನದು, ಎಲ್‌ಇಡಿ ದೀಪವನ್ನು ನೇರ ಹಿಡಿದರೆ ಕಣ್ಣಿನ ಮೇಲೆ ಬಿಳಿ ಕಲೆಗಳು ಸುಟ್ಟಂತೆ ಕೂರುತ್ತವೆ. ಚಹಾದ ಕಾಗದದ ಲೋಟದ ತಳ ಕತ್ತರಿಸಿ ಮಸೂರದ ಸುತ್ತ ಗುಡಾರದಂತೆ ಇಳಿಸಿ, ಹೊರಗಿನಿಂದ ಎರಡು ದೀಪ ಹಿಡಿದೆ. ಬೆಳಕು ಹಾಲಿನಂತೆ ಹರಡಿತು. ಅದುವರೆಗೆ ಬರೀ ಕಂದು ಮುದ್ದೆಯಾಗಿ ಕಾಣುತ್ತಿದ್ದ ದವಡೆಯ ಮೇಲೆ ಸಣ್ಣ ಸಣ್ಣ ಅಡ್ಡಗೆರೆಗಳು ಎದ್ದು ಬಂದವು.

ಅಲುಗಾಟ ಮೂರನೆಯ ತೊಡಕು. ರಾಯಚೂರಿನ ಬೇಸಿಗೆಯಲ್ಲಿ ಫ್ಯಾನು ನಿಲ್ಲಿಸಿ ಕೂರುವುದೆಂದರೆ ತಪಸ್ಸು. ಆದರೂ ನಿಲ್ಲಿಸಲೇಬೇಕು. ನಾನು ಮೊದಲ ಸಲ ನಿಲ್ಲಿಸಿರಲಿಲ್ಲ. ಕೂಡಿಸಿದ ಚಿತ್ರದಲ್ಲಿ ಕಣ್ಣು, ದವಡೆ ಎಲ್ಲ ತಿಳಿ, ಕಾಲಿನ ಮೇಲೆ ನೆಟ್ಟಗೆ ನಿಂತ ಕೆಲವು ನೀಳ ರೋಮಗಳು ಮಾತ್ರ ಎರಡೆರಡಾಗಿ, ಹೊಗೆಯಂತೆ ಮೂಡಿದ್ದವು. ಅವೇ ಯಾಕೆ ಎಂದು ಹುಡುಕಿದಾಗ ಗೊತ್ತಾಯಿತು, ಅವು ಟ್ರೈಕೊಬೋತ್ರಿಯ ಎಂಬ ರೋಮಗಳು. ಬುಡದಲ್ಲಿ ಬಟ್ಟಲಿನಂಥ ಗುಳಿ, ಅದರಲ್ಲಿ ಸಡಿಲವಾಗಿ ನಿಂತ ಎಳೆ. ಗಾಳಿಯ ಅತಿ ಸಣ್ಣ ಚಲನೆಯನ್ನೂ ಹಿಡಿಯಲೆಂದೇ ಇರುವ ಅಂಗ. ನೊಣದ ರೆಕ್ಕೆಯ ಗಾಳಿ ಜೇಡಕ್ಕೆ ತಿಳಿಯುವುದು ಇವುಗಳಿಂದ. ಜೇಡ ಪೊರೆ ಬಿಟ್ಟು ಹೋದ ಮೇಲೂ ಆ ರೋಮಗಳು ಗಾಳಿಗೆ ಆಡುತ್ತಿದ್ದವು. ಚಿತ್ರ ಕೆಟ್ಟಿತು, ಅಂಗದ ಗುರುತು ಸಿಕ್ಕಿತು. ಆಮೇಲೆ ರಾತ್ರಿ ಹನ್ನೊಂದರ ನಂತರ, ಬೀದಿ ತಣ್ಣಗಾದ ಮೇಲೆ ಮತ್ತೆ ತೆಗೆದೆ.

ಧೂಳನ್ನು ಮರೆಯುವಂತಿಲ್ಲ. ಪಕ್ಕದ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾಯಿತು, ಈಗ ಎಂಟು ಘಟಕ ಸೇರಿ 1720 ಮೆಗಾವಾಟ್ ಸಾಮರ್ಥ್ಯ. ಕಲ್ಲಿದ್ದಲು ಉರಿದು ಬರುವ ಹಾರುಬೂದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಡಗಿನ ಗಾಜಿನ ಮಣಿಗಳಂತೆ ಕಾಣುತ್ತದೆ. ಅಂಥ ಮಣಿಯೊಂದು ಜೇಡದ ಬೆನ್ನಿನ ಮೇಲೆ ಕೂತರೆ, ಅದನ್ನು ಜೇಡದ ಮೈಯ ಗುಳ್ಳೆ ಎಂದೇ ತಿಳಿಯುವ ಅಪಾಯವಿದೆ. ಚಿತ್ರಕ್ಕೆ ಮೊದಲು ಮೆದು ಕುಂಚದಿಂದ ಮಾದರಿಯನ್ನು ಶುಚಿಗೊಳಿಸುವುದು ಅಲಂಕಾರಕ್ಕಲ್ಲ, ಸತ್ಯಕ್ಕಾಗಿ.

ತಂತ್ರಾಂಶದ ಆಯ್ಕೆಗಳು

250 ಫೋಟೊಗಳನ್ನು ಕಂಪ್ಯೂಟರಿಗೆ ಕೊಟ್ಟಾಗ ಅದು ಮೊದಲು ಅವನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸುತ್ತದೆ. ಫೋಕಸ್ ಬದಲಾದಂತೆ ಬಿಂಬದ ಗಾತ್ರವೂ ತುಸು ಬದಲಾಗುವುದರಿಂದ ಇದು ಅಗತ್ಯ. ಆಮೇಲೆ ಎರಡು ಮುಖ್ಯ ದಾರಿಗಳಿವೆ. ಒಂದರಲ್ಲಿ ಚಿತ್ರದ ಪ್ರತಿ ಬಿಂದುವಿಗೂ ‘ಇದು ಯಾವ ಆಳದಲ್ಲಿ ಅತಿ ಚೂಪು’ ಎಂದು ಲೆಕ್ಕ ಹಾಕಿ ಆಳದ ನಕ್ಷೆ ಬರೆದು, ಅದರಂತೆ ಆಯುವುದು. ಬಣ್ಣ ಮತ್ತು ನುಣುಪಾದ ಮೈಗೆ ಇದು ಒಳ್ಳೆಯದು. ಆದರೆ ಮುಂದಿನ ರೋಮ ಹಿಂದಿನ ರೋಮವನ್ನು ಅಡ್ಡ ಹಾಯುವಲ್ಲಿ ಒಂದೇ ಬಿಂದುವಿಗೆ ಎರಡು ಆಳ, ಅಲ್ಲಿ ನಕ್ಷೆ ತಡವರಿಸಿ ಅಂಚಿನ ಸುತ್ತ ಮಸುಕು ಪ್ರಭೆ ಬಿಡುತ್ತದೆ. ಇನ್ನೊಂದು ಪಿರಮಿಡ್ ದಾರಿ. ಹೆಣೆದುಕೊಂಡ ರೋಮಗಳನ್ನು ಇದು ಚೆನ್ನಾಗಿ ಬಿಡಿಸುತ್ತದೆ, ಆದರೆ ಚಿತ್ರದ ಕಾಳುಕಾಳು ಗದ್ದಲವನ್ನೂ ವಿವರವೆಂದೇ ನಂಬಿ ಎತ್ತಿಕೊಳ್ಳುತ್ತದೆ, ಬಣ್ಣವನ್ನೂ ಗಡುಸು ಮಾಡುತ್ತದೆ. ಅನುಭವಿಗಳು ಎರಡನ್ನೂ ಮಾಡಿ, ರೋಮಗಳನ್ನು ಒಂದರಿಂದ, ಮೈಯನ್ನು ಇನ್ನೊಂದರಿಂದ ತೆಗೆದು ಸೇರಿಸುತ್ತಾರೆ.

ಇಲ್ಲಿ ಪ್ರಾಮಾಣಿಕತೆಯ ಮಾತು ಬರುತ್ತದೆ. ಕೂಡಿಸಿದ ಚಿತ್ರ ಯಾವುದೇ ಒಂದು ಕ್ಷಣದಲ್ಲಿ ಯಾರ ಕಣ್ಣಿಗೂ ಕಾಣದ ನೋಟ. ಅದು ಸುಳ್ಳಲ್ಲ, ಅದಕ್ಕೆ ಬೇಕಾದ ವಿವರವೆಲ್ಲ ಆ ಫೋಟೊಗಳಿಂದಲೇ ಬಂದದ್ದು. ಆದರೆ ಆಯ್ಕೆ ನಡೆದಿದೆ ಎಂಬುದನ್ನು ಮುಚ್ಚಿಡಬಾರದು. ಎಷ್ಟು ಫೋಟೊ, ಯಾವ ಮಸೂರ, ಹೆಜ್ಜೆ ಎಷ್ಟು, ಎಲ್ಲಿ ಕೈಯಾಡಿಸಿದೆ ಎಂಬುದನ್ನು ಚಿತ್ರದ ಜೊತೆಗೇ ಬರೆಯಬೇಕು. ಅಳತೆಪಟ್ಟಿ ಇರಲೇಬೇಕು. ಅಂದಕ್ಕಾಗಿ ಒಂದು ಮುಳ್ಳುರೋಮವನ್ನು ಅಳಿಸಿದರೂ, ಅದನ್ನು ಎಣಿಸಿ ಪ್ರಭೇದ ಗುರುತಿಸುವವರಿಗೆ ಮೋಸವಾಗುತ್ತದೆ.

ಎಟುಕದ್ದು

ಸ್ಟ್ಯಾಕಿಂಗ್ ಆಳವನ್ನು ಕೊಡುತ್ತದೆ, ಮಸೂರಕ್ಕೆ ಇಲ್ಲದ ಸೂಕ್ಷ್ಮತೆಯನ್ನು ಕೊಡುವುದಿಲ್ಲ. 0.25ರ ಮಸೂರ ಬಿಡಿಸಿ ತೋರಬಲ್ಲ ಕನಿಷ್ಠ ಅಂತರ ಒಂದೂಕಾಲು ಮೈಕ್ರೊಮೀಟರಿಗಿಂತ ತುಸು ಹೆಚ್ಚು. ಐನೂರು ಫೋಟೊ ಕೂಡಿಸಿದರೂ ಅಷ್ಟೇ. ಜಿಗಿಯುವ ಜೇಡ ಗಾಜಿನ ಮೇಲೆ ತಲೆಕೆಳಗಾಗಿ ನಡೆಯುವುದು ಪಾದದ ರೋಮಗಳ ಮೇಲಿರುವ ಅತಿ ಸಣ್ಣ ಎಳೆಗಳಿಂದ. ಯುರೋಪಿನ ಎವಾರ್ಚ ಆರ್ಕುಯೇಟ ಎಂಬ ಜಿಗಿಯುವ ಜೇಡದಲ್ಲಿ ಇಂಥ ಎಳೆಗಳು ಆರು ಲಕ್ಷಕ್ಕೂ ಹೆಚ್ಚು ಎಂದು 2004ರಲ್ಲಿ ಸಂಶೋಧಕರು ಅಂದಾಜು ಮಾಡಿದರು. ಅದನ್ನು ಕಾಣಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕಾಯಿತು.

ಎಲೆಕ್ಟ್ರಾನ್ ಯಂತ್ರದಲ್ಲಿ ಫೋಕಸ್ಸಿನ ಆಳ ಧಾರಾಳ, ಸ್ಟ್ಯಾಕಿಂಗಿನ ಅಗತ್ಯ ಅಪರೂಪ. ಆದರೆ ಬಣ್ಣ ಸಿಗುವುದಿಲ್ಲ, ಮಾದರಿಯನ್ನು ನಿರ್ವಾತದಲ್ಲಿ ಇಡಬೇಕು, ಅದಕ್ಕೂ ಮೊದಲು ಸಾಮಾನ್ಯವಾಗಿ ಮೈಗೆಲ್ಲ ಚಿನ್ನದ ತೆಳುಲೇಪ ಕೊಡಬೇಕು. ಹಟ್ಟಿಯ ಚಿನ್ನದ ಗಣಿ ಇರುವುದು ನಮ್ಮ ಜಿಲ್ಲೆಯಲ್ಲೇ. ಹಾಗೆಂದು ಆ ಯಂತ್ರ ತಾಲ್ಲೂಕು ಕಾಲೇಜಿನ ಕೈಗೆ ಸಿಗುವುದಿಲ್ಲ. ಸಾಧಾರಣ ಸೂಕ್ಷ್ಮದರ್ಶಕ, ಮೊಬೈಲ್ ಅಥವಾ ಹಳೆಯ ಕ್ಯಾಮೆರಾ, ಕಾಗದದ ಲೋಟ ಮತ್ತು ಉಚಿತ ತಂತ್ರಾಂಶ ಮಾತ್ರ ಎಲ್ಲರಿಗೂ ಎಟುಕುತ್ತವೆ. ಸ್ಟ್ಯಾಕಿಂಗಿನ ದೊಡ್ಡಸ್ತಿಕೆ ಇರುವುದೇ ಇಲ್ಲಿ.

ಹೆಸರಿಗಾಗಿ

ಅಂದದ ಚಿತ್ರಕ್ಕಿಂತ ದೊಡ್ಡ ಕೆಲಸ ಹೆಸರು ಹುಡುಕುವುದು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಸ್ತುಸಂಗ್ರಹಾಲಯ ನಡೆಸುವ ವಿಶ್ವ ಜೇಡ ಪಟ್ಟಿ 2022ರಲ್ಲಿ 50,000 ಪ್ರಭೇದಗಳನ್ನು ದಾಟಿತು. ಇವುಗಳಲ್ಲಿ ಬಹಳಷ್ಟನ್ನು ಬಣ್ಣ ನೋಡಿ ಹೇಳಲಾಗದು. ಬೆಳೆದ ಹೆಣ್ಣಿನ ಹೊಟ್ಟೆಯಡಿ ಇರುವ ಎಪಿಜೈನ್ ಎಂಬ ಗಟ್ಟಿ ಫಲಕ, ಗಂಡಿನ ಮುಖದ ಮುಂದಿನ ಪಾಲ್ಪ್ ಎಂಬ ಕೈಯ ಗೂಡುಗಳು, ಕೊಕ್ಕೆಗಳು, ಇವೇ ನಿಜವಾದ ಗುರುತು. ಅರ್ಧ ಮಿಲಿಮೀಟರಿನ ಈ ಅಂಗಗಳು ಉಬ್ಬುತಗ್ಗಿನವು, ಒಂದೇ ಫೋಕಸ್ಸಿಗೆ ಎಂದೂ ಸಿಗುವುದಿಲ್ಲ. ಜೇಡತಜ್ಞರು ಮಾದರಿಯನ್ನು ಮದ್ಯಸಾರದಲ್ಲಿ ಮುಳುಗಿಸಿ, ಅಲುಗದಂತೆ ಹಿಡಿದಿಡಲು ಬಟ್ಟಲಿನ ತಳಕ್ಕೆ ನಯವಾದ ಮರಳನ್ನೋ ಸ್ಯಾನಿಟೈಸರ್ ಜೆಲ್ಲನ್ನೋ ಹಾಕುತ್ತಾರೆ. ಒಳಗಿನ ನಾಳಗಳನ್ನು ಪಾರದರ್ಶಕವಾಗಿಸಲು ಲವಂಗದ ಎಣ್ಣೆ ಬಳಸುತ್ತಾರೆ.

ಕರ್ನಾಟಕದ ಎರಡು ಉದಾಹರಣೆ ನೋಡಿ. 2016ರಲ್ಲಿ ಜಾವೇದ್ ಅಹ್ಮದ್, ರಾಜಶ್ರೀ ಖಲಾಪ್ ಮತ್ತು ಸುಮುಖ ಜಾವಗಲ್ ಮಧ್ಯ ಪಶ್ಚಿಮಘಟ್ಟದ ಕಾನುಗಳಿಂದ ಎರಿಯೊವಿಕ್ಸಿಯ ಗ್ರಿಫಿಂಡೊರಿ ಎಂಬ ಜೇಡವನ್ನು ವಿವರಿಸಿದರು. ಏಳು ಮಿಲಿಮೀಟರಿನ ಆ ಜೇಡದ ಹೊಟ್ಟೆ ಒಣಗಿ ಮುರುಟಿದ ಎಲೆಯಂತೆ ಕಾಣುತ್ತದೆ. 2024ರಲ್ಲಿ ಕಿರಣ್ ಮರಾಠೆ, ವೇಯ್ನ್ ಮ್ಯಾಡಿಸನ್ ಮತ್ತು ಕೃಷ್ಣಮೇಘ ಕುಂಟೆ ಜಿಗಿಯುವ ಜೇಡಗಳ ಹೊಸ ಕುಲವೊಂದಕ್ಕೆ ಕನ್ನಡದ ‘ತೆಂಕಣ’ ಎಂಬ ಪದವನ್ನೇ ಹೆಸರಾಗಿ ಇಟ್ಟರು. ಅದರ ಹೊಸ ಪ್ರಭೇದಕ್ಕೆ ಜಯಮಂಗಲಿ ಎಂಬ ಹೆಸರು. ತೆಂಕಣದ ಜೇಡಗಳು ಮಳೆಕಾಡಿನವಲ್ಲ, ಒಣಸೀಮೆಯ ನೆಲದಲ್ಲಿ ಓಡಾಡುವವು. ಹೊಸದು ಸಿಗಲು ಘಟ್ಟವನ್ನೇ ಹತ್ತಬೇಕಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಹತ್ತಿ, ಭತ್ತ, ಜಾಲಿ

ಈಗ ನಮ್ಮ ಹೊಲಗಳಿಗೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಗೆ ಭತ್ತ ತಂದಿತು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಬೆಳೆಯನ್ನು ಬದಲಿಸಿತು. ಎರೆಹೊಲದಲ್ಲಿ ಹತ್ತಿ, ತೊಗರಿ. ಏಷ್ಯಾದ ಭತ್ತದ ಗದ್ದೆಗಳಲ್ಲಿ ಪಾರ್ಡೋಸ ಸ್ಯೂಡೊಆನ್ಯುಲೇಟ ಎಂಬ ತೋಳಜೇಡ ಕಂದು ಜಿಗಿಹುಳುವನ್ನು ತಿನ್ನುವ ಮುಖ್ಯ ಬೇಟೆಗಾರ. ಔಷಧಿ ಹೊಡೆದಾಗ ಜೇಡ ಮೊದಲು ಸತ್ತು, ಜಿಗಿಹುಳು ಮತ್ತೆ ಏಳುವುದನ್ನು ಭತ್ತದ ವಿಜ್ಞಾನಿಗಳು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಹತ್ತಿಯ ಎಲೆಗಳ ನಡುವೆ ಮುಳ್ಳುಗಾಲಿನ ಆಕ್ಸಿಯೋಪಿಸ್, ಹಸಿರು ಪ್ಯೂಸೀಶಿಯ ಜೇಡಗಳು ಬಲೆ ಕಟ್ಟದೆ ಹೊಂಚು ಹಾಕಿ ಸಣ್ಣ ಹುಳುಗಳನ್ನು ಹಿಡಿಯುತ್ತವೆ. ಬದುವಿನ ಜಾಲಿಗಿಡದಲ್ಲಿ ಸ್ಟೆಗೊಡಿಫಸ್ ಸರಸಿನೋರಮ್ ಎಂಬ ಸಮಾಜಜೀವಿ ಜೇಡ ನೂರಾರು ಸೇರಿ ಒಂದೇ ಗೂಡು ಕಟ್ಟುತ್ತದೆ. ಅದರ ಹಿಂಗಾಲಿನಲ್ಲಿ ಎಳೆಯನ್ನು ಉಣ್ಣೆಯಂತೆ ಬಾಚುವ ರೋಮಗಳ ಬಾಚಣಿಗೆ ಇದೆ. ನಾಲ್ಕುಪಟ್ಟಿನ ಮಸೂರದಲ್ಲಿ ಮೂವತ್ತು ಫೋಟೊ ಕೂಡಿಸಿದರೆ ಅದು ಸಾಲಾಗಿ ತಿಳಿಯಾಗಿ ಕಾಣುತ್ತದೆ.

ನೇಯ್ಗೆಗೂ ಈ ಸೀಮೆಗೂ ಹಳೆಯ ನಂಟು. ಕನ್ನಡದಲ್ಲಿ ಜೇಡ ಎಂದರೆ ನೇಕಾರನೂ ಹೌದು. ಜೇಡರ ದಾಸಿಮಯ್ಯನ ಮುದನೂರು ದೇವದುರ್ಗದಿಂದ ಕೃಷ್ಣೆ ದಾಟಿದರೆ ಸಿಗುವ ಸುರಪುರ ತಾಲ್ಲೂಕಿನ ಊರು. ಹುಳುವಿಗೂ ಕಸುಬಿಗೂ ಒಂದೇ ಹೆಸರು ಕೊಟ್ಟ ಜನ ಆ ಹುಳುವನ್ನು ಹತ್ತಿರದಿಂದ ನೋಡಿದವರೇ ಇರಬೇಕು.

ಇಂದು ಆ ನೋಟ ಕಡಿಮೆಯಾಗಿದೆ ಎಂಬುದೇ ನನ್ನ ಅಳಲು. ಔಷಧಿ ಹೊಡೆಯುವ ಕೈಗೆ ಹುಳು ಯಾವುದು, ಹುಳುವನ್ನು ತಿನ್ನುವ ಜೇಡ ಯಾವುದು ಎಂಬ ಅಂತರ ತಿಳಿಯಬೇಕಾದರೆ ಮೊದಲು ಜೇಡಕ್ಕೆ ಮುಖ ಬೇಕು, ಹೆಸರು ಬೇಕು. ರಾಯಚೂರಿನಲ್ಲಿ 2008ರಿಂದ ಕೃಷಿ ವಿಶ್ವವಿದ್ಯಾಲಯವೇ ಇದೆ. ಮಾನ್ವಿ, ದೇವದುರ್ಗಗಳ ಪದವಿ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವ ಮಕ್ಕಳಿದ್ದಾರೆ. ಆ ಮಕ್ಕಳು ಕೊಲ್ಲದೆ ಶುರುಮಾಡಬಹುದು, ಗೋಡೆ ಮೂಲೆಯ ಪೊರೆಗಳಿಂದ. ಮುಂದೆ ಮಾದರಿ ಬೇಕಾದಾಗ, ಬದುಕಿರುವಾಗಲೇ ಬಣ್ಣದ ಫೋಟೊ ತೆಗೆದಿಡಬೇಕು, ಯಾಕೆಂದರೆ ಮದ್ಯಸಾರದಲ್ಲಿ ಬಣ್ಣ ಕಳೆಗುಂದುತ್ತದೆ, ಕಣ್ಣು ಬೆಳ್ಳಗಾಗುತ್ತದೆ. ಆಮೇಲೆ ಗುರುತಿನ ಅಂಗದ ಕೂಡಿಸಿದ ಚಿತ್ರ. ಇಷ್ಟಿದ್ದರೆ ದೂರದ ತಜ್ಞರೂ ಹೆಸರು ಹೇಳಲು ದಾರಿಯಾಗುತ್ತದೆ.

ಕಿಟಕಿಯ ಜಿಗಿಯುವ ಜೇಡದ ಬಳಿಗೇ ಮರಳುತ್ತೇನೆ. ಬಿಸಿಸೀಮೆಯ ಮನೆಗಳಲ್ಲೆಲ್ಲ ಓಡಾಡುವ ಹಸೇರಿಯಸ್ ಆಡನ್ಸೊನಿ ಎಂಬ ಅದರ ನೆಂಟನ ಕಣ್ಣನ್ನು ಜಪಾನಿನ ತಕಾಶಿ ನಗಾತ ಮತ್ತು ಸಂಗಡಿಗರು ಅಭ್ಯಾಸ ಮಾಡಿ 2012ರಲ್ಲಿ ಪ್ರಕಟಿಸಿದರು. ದೊಡ್ಡ ಕಣ್ಣಿನ ಹಿಂದೆ ರೆಟಿನ ನಾಲ್ಕು ಪದರವಾಗಿದೆ. ಒಂದು ಪದರದ ಮೇಲೆ ಹಸಿರು ಬೆಳಕಿನ ಬಿಂಬ ತಿಳಿಯಾಗಿ ಬಿದ್ದರೆ, ಇನ್ನೊಂದರ ಮೇಲೆ ಅದೇ ಬಿಂಬ ಯಾವಾಗಲೂ ಮಸುಕು. ಮಸುಕು ಎಷ್ಟಿದೆ ಎಂಬುದರಿಂದಲೇ ಜೇಡ ಬೇಟೆಯ ದೂರ ಅಳೆಯುತ್ತದೆ. ಹಸಿರಿಲ್ಲದ ಕೆಂಪು ಬೆಳಕಿನಲ್ಲಿ ಬಿಟ್ಟಾಗ ಅದರ ಅಳತೆ ತಪ್ಪಿ, ಜಿಗಿತ ಗುರಿಗಿಂತ ಮೊದಲೇ ಬಿತ್ತು. ನಾವು 250 ಫೋಟೊಗಳಿಂದ ಮಸುಕನ್ನೆಲ್ಲ ತೆಗೆದೆಸೆದು ಜೇಡದ ಮುಖ ಕಾಣುತ್ತೇವೆ. ಜೇಡ ಆ ಮಸುಕನ್ನೇ ಇಟ್ಟುಕೊಂಡು ಜಗತ್ತಿನ ಆಳ ಅರಿಯುತ್ತದೆ.

ಪೊರೆಯನ್ನು ಸಣ್ಣ ಗಾಜಿನ ಸೀಸೆಗೆ ಹಾಕಿ ಚೀಟಿ ಅಂಟಿಸಿದ್ದೇನೆ. ಊರು ದೇವಸುಗೂರು, ಜಾಗ ಕಿಟಕಿ ಸರಳು, ಸಿಕ್ಕ ದಿನ, ಮಸೂರ ಹತ್ತುಪಟ್ಟು, ಫೋಟೊ 250, ಹೆಜ್ಜೆ 6 ಮೈಕ್ರೊಮೀಟರ್. ಪ್ರಭೇದ ಎಂಬಲ್ಲಿ ಜಾಗ ಖಾಲಿ ಇದೆ. ಬೆಳೆದ ಜೇಡ ಸಿಕ್ಕಮೇಲೆ ಅದನ್ನು ತುಂಬಬೇಕು.